ಬೊಮ್ಮಕ್ಕನ ಇಂಗ್ಲಿಷು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದವರನ್ನು ಸರಿಸಿಕೊಂಡು ಮದಲೂರಿನ ಜನ ಅಂಗಳಕ್ಕೆ ನುಗ್ಗಿದರು. ಶಿರಾದ ಆ ಬಾಡಿಗೆ ಮನೆಯ ಗೋಡೆಗೆ ಬೊಮ್ಮಕ್ಕನನ್ನು ಒರಗಿಸಿ ಕೂರಿಸಿದ್ದರು. ಮಗ ಸಂಜೀವಯ್ಯ, ಶಿರಾ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಒದ್ದೆ ಪಂಚೆಯಲ್ಲಿ ಪಕ್ಕದಲ್ಲಿ ನಿಂತಿದ್ದ.

"ನಮ್ ಕೆರೆ ಉಳಿಸ್ದೋಳು ಕಣ್ರಪ್ಪ ಇವ್ಳು," ಮುದುಕ ಚಿಕ್ಕರಂಗಯ್ಯ ಬಿಕ್ಕಿದ. "ದೊರೆ ತಾವ ಹೆಂಗೆ ಇಂಗ್ಲಿಷ್ ಮಾತಾಡ್ಬುಟ್ಲು!"

ಸಂಜೀವಯ್ಯ ಜಗಲಿಯಲ್ಲಿದ್ದ ಹೆಡ್‌ಮಾಸ್ಟರ್ ವೀರಭದ್ರಯ್ಯನವರ ಕಡೆ ನೋಡಿದ. "ಈಗ ಅದೆಲ್ಲ ಯಾಕೆ, ಬಿಡಿ," ಎಂದ.

* * *

ಪ್ಲೇಗಿನಲ್ಲಿ ತಬ್ಬಲಿಯಾದ ಬೊಮ್ಮಕ್ಕ ಬೆಂಗಳೂರು ದಂಡಿನ ಬಿಳಿ ದೊರೆಯೊಬ್ಬನ ಮನೆಯಲ್ಲಿ ಮಕ್ಕಳನ್ನು ಎತ್ತಿ ಆಡಿಸುತ್ತ ಬೆಳೆದಳು. ಓದಿರಲಿಲ್ಲ, ಇಂಗ್ಲಿಷು ಕಿವಿಯಿಂದಲೇ ಬಂತು. ಮದುವೆಯಾಗಿ ಮದಲೂರಿಗೆ ಬಂದ ಎರಡನೇ ವರ್ಷ ಬಿಳಿಯ ಇಂಜಿನಿಯರೊಬ್ಬ ಕೆರೆ ನೋಡಲು ಬಂದ. ಓದಿದ್ದ ಗುಮಾಸ್ತ ನಡುಗಿ ತೊದಲಿದ. ಕಂಕುಳಲ್ಲಿ ಕೂಸು ಸಂಜೀವನನ್ನು ಎತ್ತಿಕೊಂಡಿದ್ದ ಬೊಮ್ಮಕ್ಕ ಮುಂದೆ ಬಂದಳು.

"ಬಂಡ್ ಬ್ರೇಕಿಂಗ್, ಸಾರ್. ಆಲ್ ಪೀಪಲ್ ಡೈಯಿಂಗ್."

ಇಂಜಿನಿಯರು ಅವಳೊಂದಿಗೆ ಬಿರುಕುಬಿಟ್ಟ ಕೆರೆ ಏರಿಯುದ್ದಕ್ಕೂ ನಡೆದ. ಮಳೆಗಾಲಕ್ಕೆ ಮುಂಚೆ ಏರಿ ರಿಪೇರಿಯಾಯಿತು. ಅಂದಿನಿಂದ ಅವಳು ಊರಿಗೆಲ್ಲ ಇಂಗ್ಲಿಷ್ ಅಕ್ಕ.

* * *

ಈಗ್ಗೆ ಎರಡು ವರ್ಷದ ಕೆಳಗೆ ಹೆಡ್‌ಮಾಸ್ಟರು ಮೊದಲ ಸಲ ಶಿರಾದ ಮನೆಗೆ ಬಂದಾಗ ಅವಳು ಸಡಗರದಿಂದ ಕುರ್ಚಿ ಒರೆಸಿ, "ಕಮಿಂಗ್ ಮಾಸ್ಟರ್, ಚೇರ್ ಸಿಟ್ಟಿಂಗ್," ಎಂದಿದ್ದಳು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬಟ್ಲರ್ ಇಂಗ್ಲಿಷು! ಗ್ರಾಮರ್ ಮೇಷ್ಟ್ರ ಮನೇಲೇ!" ವಾರದೊಳಗೆ ಕ್ಲಾಸಿನ ಹುಡುಗರು ಸಂಜೀವಯ್ಯನಿಗೆ 'ಚೇರ್ ಸಿಟ್ಟಿಂಗ್' ಎಂದು ಹೆಸರಿಟ್ಟರು.

"ಅವ್ವಾ, ಆ ಹಾಳು ಇಂಗ್ಲಿಷು ಇನ್ನೊಂದ್ಸಲ ನಿನ್ ಬಾಯಲ್ಲಿ ಬಂದ್ರೆ ನಾನೀ ಮನೇಲಿರಲ್ಲ."

"ನಿಂಗೆ ಮೊದ್ಲು ಕಲಿಸಿದ್ದು ಅದ್ನೇ ಕಣಪ್ಪ," ಎಂದಳು ಬೊಮ್ಮಕ್ಕ. ಮತ್ತೆ ಆಡಲಿಲ್ಲ.

ನಿನ್ನೆ ಮಧ್ಯಾಹ್ನ ಜ್ವರ ತಲೆಗೇರಿ ಅವಳಿಗೆ ಕನ್ನಡ ಮರೆತುಹೋಯಿತು, ಇಂಗ್ಲಿಷು ಹೊರಬಿತ್ತು. ನೋಡಲು ಬಂದ ಹೆಡ್‌ಮಾಸ್ಟರು ಜಗಲಿಯಲ್ಲಿ ಕೂತಿದ್ದರು. ಸಂಜೀವಯ್ಯ ಒಳಗೆ ಬಂದು, ಒಂದು ಗಳಿಗೆ ಕೇಳಿಸಿಕೊಂಡು, ಕೋಣೆಯ ಬಾಗಿಲು ಎಳೆದುಕೊಂಡು ಹೋದ. ಅವಳ ಬಳಿ ಉಳಿದವಳು ಆರೈಕೆಗೆ ಬಂದಿದ್ದ ನೆರೆಯ ಮುನಿಯಮ್ಮ ಒಬ್ಬಳೇ. ಅವನು ಮತ್ತೆ ಬಾಗಿಲು ತೆರೆಯುವಷ್ಟರಲ್ಲಿ ಉಸಿರು ನಿಂತಿತ್ತು.

* * *

ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಮುನಿಯಮ್ಮ ಕೇಳಿದಳು:

"ಸಂಜೀವಪ್ಪ, ಕೊನೇಗೆ ಅವ್ವ ಒಂದೇ ಮಾತ ಹತ್ತು ಸಲ ಅಂದ್ಲು ಕಣಪ್ಪ. 'ವಾಟ್ರು ಗಿವಿಂಗು, ವಾಟ್ರು ಗಿವಿಂಗು' ಅಂತ. ಅಂಗಂದ್ರೇನು?"

ಹೆಡ್‌ಮಾಸ್ಟರು ತಲೆ ತಗ್ಗಿಸಿದರು.

"ದೇವರ ಹೆಸರು," ಎಂದ ಸಂಜೀವಯ್ಯ.

"ನಾನೂ ಅಂಗೇ ಅಂದ್ಕೊಂಡೆ!" ಮುನಿಯಮ್ಮ ಕೈ ಮುಗಿದಳು. ಹಿಡಿ ಅಕ್ಕಿ ತೆಗೆದು, ಒಣಗಿ ಬಿರಿದ ಆ ತುಟಿಗಳಿಗೆ ಸೋಕಿಸಿ, "ವಾಟ್ರು ಗಿವಿಂಗು," ಎಂದು ಕಣ್ಣಿಗೊತ್ತಿಕೊಂಡಳು. ಅವಳ ಹಿಂದಿನವಳೂ ಹಾಗೇ ಅಂದಳು. ಚಿಕ್ಕರಂಗಯ್ಯನೂ ಅಂದ. ಸಾಲು ಸರಿದು ಅಕ್ಕಿಯ ಮೊರ ಸಂಜೀವಯ್ಯನ ಮುಂದೆ ಬಂತು.

"ನೀನೂ ಅನ್ನಪ್ಪ," ಎಂದಳು ಮುನಿಯಮ್ಮ, ಅವನ ಮುಷ್ಟಿಗೆ ಅಕ್ಕಿ ತುಂಬುತ್ತ.