ಬಾಯಿಪಾಠವಾದ ಸಾಲು

ಒಂದು ಮಾತ್ರೆಗೆ ಒಂದು ಲೋಟ ಚಹಾದಷ್ಟೂ ಬೆಲೆ ಇಲ್ಲ, ದುಬಾರಿ ಅಂತ ಯಾರ ಮುಂದೂ ದೂರುವ ಹಾಗಿಲ್ಲ, ಒಣಗಿದ ನಾಲಿಗೆಯ ಮೇಲೆ ಅದು ಸುಣ್ಣದ ಚೂರಿನ ಹಾಗೆ ಅಂಟಿಕೊಂಡು ಕೂತಿದೆ, ಇನ್ನೊಂದು ಗುಟುಕು ನೀರು, ಹಾಂ, ಇಳಿಯಿತು — ಆದರೆ ಬೆಲೆ ಅಂದರೆ ಔಷಧಿ ಅಂಗಡಿಯವನು ತಗೊಳ್ಳುವುದು ಮಾತ್ರ ಅಲ್ಲವಲ್ಲ, ಬಾಯಿ ಸದಾ ಒಣ, ಅದೊಂದು, ಸೊಂಟ ಅಗಲವಾಗಿ ಹಳೇ ರವಿಕೆಗಳೆಲ್ಲ ಪಾತ್ರೆ ಒರೆಸುವ ಬಟ್ಟೆಯಾದವು, ಅದೊಂದು, ಗಂಡ ಪಕ್ಕದಲ್ಲಿ ಮಲಗಿದ್ದರೆ ಯಾರೋ ಹೊದಿಕೆ ಮಡಿಸಿ ಇಟ್ಟುಹೋದ ಹಾಗೆ ಅನ್ನಿಸುತ್ತಿದ್ದದ್ದು, ಅದನ್ನು ಯಾರ ಲೆಕ್ಕಕ್ಕೆ ಬರೆಯೋದು, ಆ ಪಾಪದ ಮನುಷ್ಯ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ, ಈಗ ಕೇಳೋಣ ಅಂದರೆ ಅವನೇ ಇಲ್ಲ, ಮತ್ತೆ ಅಳು, ಹೌದು, ಅಳುವನ್ನೂ ಕೊಟ್ಟಾಯಿತು, ಅವನನ್ನು ಕಳಿಸಿ ಬಂದ ದಿನ ಅತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ಎಂಥಾ ಗಟ್ಟಿಗಿತ್ತಿ ನೋಡಿ, ಕಣ್ಣಲ್ಲಿ ಒಂದು ಹನಿ ಇಲ್ಲ — ಗಟ್ಟಿಯೂ ಇಲ್ಲ ಗಿಟ್ಟಿಯೂ ಇಲ್ಲ ಅತ್ತಿಗೆ, ನಲ್ಲಿ ತಿರುಗಿಸಿದೆ, ನೀರು ಬರಲಿಲ್ಲ, ಅಷ್ಟೇ. ಅವಳು ಲೋಟ ಬೋರಲು ಹಾಕಿ ಬಾಗಿಲಿಗೆ ಬೀಗ ಹಾಕುತ್ತಾಳೆ, ಎಳೆದು ನೋಡುತ್ತಾಳೆ, ಇನ್ನೊಮ್ಮೆ ಎಳೆಯಬೇಕು ಅನ್ನಿಸುವುದಿಲ್ಲ, ಮೊದಲಾಗಿದ್ದರೆ ಬೀದಿ ಕೊನೆಯಿಂದ ಓಡಿ ಬಂದು ಎಳೆಯುತ್ತಿದ್ದಳು, ಅದನ್ನು ಗಳಿಕೆಯ ಕಡೆ ಬರೆದುಕೊಳ್ಳಬೇಕು, ನ್ಯಾಯ ಅಂದರೆ ನ್ಯಾಯ. ಇವತ್ತು ಮಧ್ಯಾಹ್ನದೊಳಗೆ ಈ ಲೆಕ್ಕ ಮುಗಿಯಬೇಕು. ಮಧ್ಯಾಹ್ನ ಮಗಳು ಬರುತ್ತಾಳೆ.

ನಿನ್ನೆ ಫೋನಿನಲ್ಲಿ ಮಗಳ ಹಿಂದೆ ಪಾರ್ಸೆಲ್ ಆಫೀಸಿನ ಗದ್ದಲ, ಯಾರೋ ಟೇಪು ಪರ್ ಅಂತ ಎಳೆಯುತ್ತಿದ್ದರು, ಅಮ್ಮ, ಮನಸ್ಸಿನ ಡಾಕ್ಟ್ರು ನನಗೂ ಬರೆದುಕೊಟ್ರು, ನಿಂದೇ ಮಾತ್ರೆ, ಅದೇ ಹೆಸರು, ಕೊಂಡುಕೊಂಡೆ, ಬ್ಯಾಗಲ್ಲಿದೆ, ಇನ್ನೂ ಒಡೆದಿಲ್ಲ, ನಾಳೆ ಊಟದ ಹೊತ್ತಿಗೆ ಅಂಗಡಿಗೆ ಬರ್ತೀನಿ, ನೀನು ಹೇಳು, ನೀನು ಹೇಳಿದ ಹಾಗೆ ಮಾಡ್ತೀನಿ. ಎಷ್ಟು ದಿನದಿಂದ ಹೀಗಾಗ್ತಿದೆ ಅಂದರೆ, ಗೊತ್ತಿಲ್ಲಮ್ಮ, ಮೆಟ್ಟಿಲ ಮೇಲೆ ಕಾಲೇ ಏಳಲ್ಲ, ಎದೆ ಡವಡವ ಅನ್ನುತ್ತೆ, ಬೆಳಗ್ಗೆ ಎಚ್ಚರ ಆದ್ರೆ ಯಾಕಾಯ್ತೋ ಅನ್ನಿಸುತ್ತೆ. ಮೂಗು ನನ್ನದು, ಕೂದಲು ನನ್ನದು, ಹಟ ಅಪ್ಪನದು, ಇದೂ ನನ್ನದೇ ಹೋಯಿತಾ, ಹಂಚಿಕೊಡಬೇಕಾದ್ದು ಬಳೆ, ಸರ, ಕೊಟ್ಟದ್ದು ಇದು — ಫೋನಿನಲ್ಲಿ ಅವಳು ಹೇಳಿದ್ದು ಮಾತ್ರ, ಆಯ್ತು ಬಾ, ಛತ್ರಿ ಮರೀಬೇಡ. ಛತ್ರಿ! ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಈಗ ಬೀದಿಯಲ್ಲಿ ಅಂಗಡಿಗಳ ಬಾಗಿಲು ಗಡಗಡ ಮೇಲೇಳುತ್ತಿವೆ, ಬೇಕರಿಯ ಬಿಸಿ ವಾಸನೆ ಮೂಗಿಗೆ ಬರುತ್ತದೆ, ಒಳಗೆ ಇಳಿಯುವುದಿಲ್ಲ, ಒಳ್ಳೇ ವಾಸನೆ ಅಂತ ಗೊತ್ತಾಗುತ್ತದೆ, ಪಕ್ಕದ ಮನೆಯವರ ಮಗ ಪಾಸಾದ ಸುದ್ದಿ ಕೇಳಿದ ಹಾಗೆ, ಸಂತೋಷ, ಮುಂದೆ? ಕನ್ನಡಕದಂಗಡಿಯ ಯಜಮಾನರು ಗಾಜಿನ ಕಪಾಟು ಒರೆಸುತ್ತ, ಬನ್ನಿ ಮೇಡಮ್ಮೋರೇ, ಊರಿನ ಕಣ್ಣೆಲ್ಲ ನಿಮಗೇ ಕಾಯ್ತಿವೆ ಅನ್ನುತ್ತಾರೆ, ದಿನಾ ಅದೇ ಮಾತು, ದಿನಾ ನಗುತ್ತಾಳೆ, ತುಟಿಗೆ ದಾರಿ ಗೊತ್ತಿದೆ. ಒಳಗಿನ ಕೋಣೆ, ಕಣ್ಣು ಪರೀಕ್ಷೆಗೆ ಉದ್ದ ಸಾಲದ್ದಕ್ಕೆ ಮಾಡಿದ ಉಪಾಯ ಇನ್ನೂ ಹಾಗೇ ಇದೆ, ಎಡಬಲ ತಿರುಗಿಸಿ ಬರೆದ ಅಕ್ಷರದ ಹಲಗೆ ಕುರ್ಚಿಯ ಹಿಂದೆ, ಕೂತವರ ತಲೆಯ ಮೇಲೆ, ಎದುರು ಗೋಡೆಗೆ ಕನ್ನಡಿ, ಕನ್ನಡಿಯೊಳಗೆ ನೋಡಿ ಓದಬೇಕು, ಮೇಲೆ ಗಡಿಗೆಯಷ್ಟು ದೊಡ್ಡ ಅಕ್ಷರ, ಕೊನೆ ಸಾಲಿನಲ್ಲಿ ಇರುವೆಯಂಥವು, ಅದರ ಕೆಳಗೆ ಓದುವವರದೇ ಮುಖ. ಅವಳು ಕನ್ನಡಿ ಒರೆಸುತ್ತಾಳೆ, ಬಾಗಿಲ ಸಂದಿಯಲ್ಲಿ ಒಂದು ಕಣ್ಣು — ಬೇಡ, ಆ ನೆನಪು ಈಗ ಬೇಡ, ಗಿರಾಕಿ ಬಂದ ಸದ್ದು.

ಗೇರ್ ತಾತ. ಜೀವಮಾನವೆಲ್ಲ ಗಾಡಿ ಓಡಿಸಿದವನು, ಕೂತರೂ ನಿಂತರೂ ಎಡಗೈ ಗೇರ್ ಬದಲಾಯಿಸುವ ಹಾಗೆ ಆಡುತ್ತದೆ, ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನಿಗೆ ಡ್ರೈವರ್ ಬೇಕಂತೆ, ಕಣ್ಣು ಸರಿಯಿದೆ ಅಂತ ಒಂದು ಚೀಟಿ ಬರೆದುಕೊಡಮ್ಮ ಸಾಕು. ಕೂತ್ಕೊಳ್ಳಿ ತಾತ, ಎಡಗಣ್ಣು ಮುಚ್ಚಿ, ಓದಿ. ಅವನು ಮುಚ್ಚಿಕೊಳ್ಳುವ ಮೊದಲೇ ಶುರು, ದೇವರ ಮುಂದೆ ಮಂತ್ರ ಹೇಳುವವರ ಹಾಗೆ ಮೇಲಿಂದ ಕೆಳಗೆ, ತಡವರಿಕೆ ಇಲ್ಲ, ಕೊನೆ ಸಾಲು ಮ ಟ ಪ ಗ ರ, ಉಸಿರು ಬಿಟ್ಟ. ಅವಳಿಗೆ ನಗು ಬಂತು, ಅಂದರೆ ನಗು ಬರಬೇಕಾದ ಜಾಗ ಇದು ಅಂತ ಗೊತ್ತಾಯಿತು, ಕನ್ನಡಿಯ ಕಡೆಗೇ ತಿರುಗದ ಮುಖ, ಕಣ್ಣಿನಲ್ಲಿ ಹಾಲು ಕದಡಿದ ಹಾಗೆ ಪೊರೆ, ಆದರೂ ಕೊನೆ ಸಾಲು! ಚೆನ್ನಾಗಿ ಓದಿದ್ರಿ, ಈಗ ಅದೇ ಸಾಲು ಹಿಂದಿನಿಂದ ಓದಿ ತಾತ. ಹಿಂದಿನಿಂದ ಯಾರಮ್ಮ ಓದ್ತಾರೆ, ಗಾಡೀನ ಮುಂದಕ್ಕೇ ಅಲ್ವಾ ಓಡ್ಸೋದು. ರಿವರ್ಸ್ ತೆಗೆಯೋದೂ ಉಂಟಲ್ಲ ತಾತ. ಅವನ ಬಾಯಿ ತೆರೆದೇ ನಿಂತಿತು, ರ ಅಂದ, ಆಮೇಲೆ ಏನೂ ಬರಲಿಲ್ಲ, ಎಡಗೈ ಇಲ್ಲದ ಗೇರನ್ನು ಹಿಡಿದುಕೊಂಡಿತು. ಬಲಗೈ ಇನ್ನೂ ಕಣ್ಣಿನ ಮೇಲೆ ಇಟ್ಟುಕೊಂಡೇ ಮೆಲ್ಲಗೆ ಹೇಳಿದ, ಹೋದ ಎರಡು ಸಲ ನಿನ್ನ ಕೈಲೇ ಪಾಸಾಗಿದೀನಿ ಕಣಮ್ಮ. ಯಾಕೆ ತಾತ ಹೀಗೆ ಮಾಡಿದ್ರಿ. ಮನೇಲಿ ಕೂತ್ರೆ ನಾನು ಯಾರು ಹೇಳು. ಪೊರೆ ತೆಗೆಸಿಕೊಳ್ಳಿ, ಆಮೇಲೆ ನಾನೇ ಚೀಟಿ ಬರೆದು ಮನೆಗೆ ತಂದುಕೊಡ್ತೀನಿ, ವ್ಯಾನಿನಲ್ಲಿ ಇರೋರು ಮಕ್ಕಳು ಅಂದಳು, ಅವನು ತಲೆಯಾಡಿಸಿ ಎದ್ದ, ಹೊಸ್ತಿಲಲ್ಲಿ ಕಾಲಿನಿಂದ ತಡಕಿ ದಾಟಿದ. ಎರಡು ಸಲ. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳ ಕಣ್ಣಿಗೇ ಮಣ್ಣೆರಚಿದ, ಮತ್ತೆ ಮಾತ್ರೆ ಬರೆಯುವ ಆ ಡಾಕ್ಟರು ಯಾವ ಮರದ ತೊಪ್ಪಲು.

ಡಾಕ್ಟರು ಒಳ್ಳೆಯವರು, ಒಳ್ಳೆಯವರಾದದ್ದೇ ತೊಂದರೆ, ತಮ್ಮ ಕೂದಲು ಕಪ್ಪಿದ್ದಾಗಿಂದ ನೋಡುತ್ತಿದ್ದಾರೆ, ಕೂದಲು ಹೋಯಿತು, ಪ್ರಶ್ನೆ ಉಳಿಯಿತು, ನಿದ್ದೆ? ಬರುತ್ತೆ. ಊಟ? ಸೇರುತ್ತೆ. ಬೇಜಾರು? ಪರವಾಗಿಲ್ಲ. ಕೆಟ್ಟ ಯೋಚನೆ? ಇಲ್ಲ. ಮ ಟ ಪ ಗ ರ. ಒಮ್ಮೆ ಮಾತ್ರೆ ಹೆಚ್ಚು ಮಾಡಿದರು, ಒಮ್ಮೆ ಕಡಿಮೆ ಮಾಡಿದರು, ಹೇಗಿದೆ, ಮೊದಲಿಗಿಂತ ಚೆನ್ನಾಗಿದೆಯಾ — ಅಯ್ಯೋ ದೇವರೇ, ಇದು ನನ್ನದೇ ಪ್ರಶ್ನೆಯಲ್ಲವಾ, ಇದು ಚೆನ್ನಾಗಿದೆಯಾ ಅದು ಚೆನ್ನಾಗಿತ್ತಾ, ದಿನಕ್ಕೆ ಎಷ್ಟು ಮೂಗಿನ ಮೇಲೆ ಆ ಕಬ್ಬಿಣದ ಫ್ರೇಮು ಕೂರಿಸಿ ಒಂದಾದ ಮೇಲೆ ಒಂದು ಗಾಜು ಇಳಿಸಿ ಕೇಳಿದ್ದೀನಿ, ನಾಲ್ಕನೇ ಗಾಜಿಗೆ ಅವರಿಗೆ ಸುಸ್ತು, ಐದನೆಯದಕ್ಕೆ ನನ್ನ ಮೇಲೆ ಕನಿಕರ, ಪಾಪ ಇಷ್ಟು ಕಷ್ಟಪಡ್ತಿದಾಳೆ, ಚೆನ್ನಾಗಿದೆ ಮೇಡಂ, ಇದೇ ಇರಲಿ, ಒಮ್ಮೆ ಪರೀಕ್ಷೆಗೆ ಪವರ್ ಇಲ್ಲದ ಬರೀ ಗಾಜು ಹಾಕಿದರೂ ಒಬ್ಬ ಮೇಷ್ಟ್ರು, ಆಹಾ ಈಗ ಬೆಳಕಾಯ್ತು ಅಂದರು. ಹಾಗೇ ಅವಳೂ, ಚೆನ್ನಾಗಿದೆ ಡಾಕ್ಟ್ರೇ, ಇದೇ ಇರಲಿ. ಸುಳ್ಳೂ ಅಲ್ಲ, ಮೊದಲು ಹೇಗಿತ್ತು ಅಂತ ನೆನಪಿದ್ದರೆ ತಾನೇ. ಇಲ್ಲ, ನೆನಪಿದೆ, ತೀರಾ ಮೊದಲಿನದು ನೆನಪಿದೆ, ಮಗಳಿಗೆ ಆಗ ನಾಲ್ಕು ವರ್ಷ, ತಾನು ಹಾಸಿಗೆ ಹಿಡಿದು ಗೋಡೆ ಕಡೆ ತಿರುಗಿ ಮಲಗಿದ್ದಾಳೆ, ಗೋಡೆಯ ಸುಣ್ಣದಲ್ಲಿ ಒಂದು ಬಿರುಕು, ಅದರೊಳಗೆ ಹೋಗಿಬಿಡಬೇಕು ಅಷ್ಟೇ ಆಸೆ, ಮಗು ಬರಿಗಾಲಲ್ಲಿ ಬಂದು ದಿಂಬಿನ ಮೇಲೆ ಎರಡು ಬಿಸ್ಕತ್ತು ಇಟ್ಟು ಹೋಗುತ್ತದೆ, ಸಂಜೆ ಬಂದು ಅದನ್ನು ತೆಗೆದು ಬೇರೆ ಎರಡು ಇಡುತ್ತದೆ, ಹಳೆಯದನ್ನು ಸದ್ದು ಮಾಡದೆ ತಾನೇ ತಿನ್ನುತ್ತದೆ. ಮಾತ್ರೆ ಇಲ್ಲದಿದ್ದರೆ ಆ ಬಿರುಕೇ ಗತಿ, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಮಗಳಿಗೆ ಹೇಳಬೇಕು, ಮೊದಲು ಅದನ್ನೇ ಹೇಳಬೇಕು.

ಮತ್ತೆ ಮಾತ್ರೆ ಬಿಟ್ಟಿದ್ದಳಲ್ಲ ಒಂದು ಸಲ, ಮಗಳಿಗೆ ಹತ್ತು ವರ್ಷ, ಡಾಕ್ಟರನ್ನು ಕೇಳದೆ, ಗಂಡನಿಗೆ ಹೇಳದೆ, ಸಾಕು ಅಂತ ಒಂದೇ ಏಟಿಗೆ, ಅದೂ ದಡ್ಡತನ, ಓಡುವ ಗಾಡಿಯಿಂದ ಹಾರಿದ ಹಾಗೆ. ಕಣ್ಣುಗುಡ್ಡೆ ಆ ಕಡೆಯಿಂದ ಈ ಕಡೆ ಹೊರಳಿಸಿದರೆ ತಲೆಯೊಳಗೆ ಚುರ್ ಅಂತ ಒಂದು ಕಿಡಿ, ಇನ್ನೊಬ್ಬರ ಕಣ್ಣು ಪರೀಕ್ಷೆ ಮಾಡುತ್ತ ತನ್ನ ಕಣ್ಣು ಅಲ್ಲಾಡಿಸದೆ ನಿಂತಿರಬೇಕು, ಗೊಂಬೆಯ ಹಾಗೆ. ಆದರೆ ಬೇಕರಿ ವಾಸನೆ ಹೊಟ್ಟೆಯೊಳಗೆ ಇಳಿಯಿತು ಆಗ. ಒರೆಸುವ ಬಟ್ಟೆ ಮೆತ್ತಗಿದೆ ಅಂತ ಅತ್ತಳು, ಬಟ್ಟೆಗೆ! ಬಸ್ಸಿನಲ್ಲಿ ಯಾರೋ ಗುನುಗಿದರೆ ಇಳಿಯುವ ಜಾಗ ತಪ್ಪಿತು. ಮತ್ತೆ ಸಿಟ್ಟು, ಎಲ್ಲಿತ್ತೋ ಅಷ್ಟು ಸಿಟ್ಟು, ಅನ್ನದ ಪಾತ್ರೆ ಗೋಡೆಗೆ ಹೊಡೆದು ಬೋರಲು ಬಿತ್ತು, ಅವಳು ಅಡುಗೆಮನೆಯಲ್ಲಿ ನಿಂತು ಕಿರುಚುತ್ತಿದ್ದಳು, ಏನಂತ ಈಗ ಗೊತ್ತಿಲ್ಲ, ತಿರುಗಿದರೆ ಬಾಗಿಲ ಸಂದಿಯಲ್ಲಿ ಒಂದು ಕಣ್ಣು. ಮಗಳ ಬಲಗಣ್ಣು. ರೆಪ್ಪೆ ಬಡಿಯದೆ. ಅಷ್ಟು ಸ್ಪಷ್ಟವಾಗಿ ಅವಳು ಏನನ್ನೂ ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ, ಪಾಪೆಯ ಸುತ್ತಿನ ಕಂದು ಬಳೆಯಲ್ಲಿ ಸಾಸಿವೆಯಷ್ಟು ಒಂದು ಕಪ್ಪು ಚುಕ್ಕೆ, ಹತ್ತು ವರ್ಷ ಸಾಕಿದರೂ ಆ ಚುಕ್ಕೆ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಹೆದರಿದ ಕಣ್ಣು ಅಂದುಕೊಂಡಳು. ನನ್ನ ಮಗು ನನಗೆ ಹೆದರುತ್ತಿದೆ. ನೆಲದ ಅನ್ನ ಬಳಿದು ಹಾಕಿ, ಕೈ ತೊಳೆದು, ಮಾತ್ರೆ ನುಂಗಿದಳು, ಅಲ್ಲಿಂದ ಒಂದು ದಿನ ತಪ್ಪಿಸಿಲ್ಲ.

ಅಮ್ಮ. ಬಂದೇಬಿಟ್ಟಳು, ಬ್ಯಾಗು ಎದೆಗೆ ಅವಚಿಕೊಂಡು, ಯಜಮಾನರು ಹೊರಗಿನಿಂದ ಏನೋ ತಮಾಷೆ ಮಾಡುತ್ತಿದ್ದಾರೆ, ಮಗಳ ತುಟಿಗೂ ದಾರಿ ಗೊತ್ತಾಗಿದೆ, ಅದು ಯಾವಾಗ ಕಲಿತಳು. ಕಣ್ಣ ಕೆಳಗೆ ಕಪ್ಪು, ಉಗುರು ಕಚ್ಚಿ ಬೆರಳ ತುದಿ ಕೆಂಪು. ಪರೀಕ್ಷೆಯ ಕುರ್ಚಿಯಲ್ಲೇ ಕೂತಳು, ಈ ಕುರ್ಚಿಯಲ್ಲಿ ಕಾಲು ಜೋಲಾಡಿಸಿಕೊಂಡು ಶಾಲೆಯ ಲೆಕ್ಕ ಮಾಡಿ ಬೆಳೆದವಳು, ಹಲಗೆಯ ಅಕ್ಷರ ಅವಳಿಗೂ ಬಾಯಿಗೆ ಬರುತ್ತದೆ, ಅನುಮಾನ ಬಂದವರನ್ನು ಅಮ್ಮ ಹಿಂದಿನಿಂದ ಓದಿಸುವುದೂ ಗೊತ್ತು. ಬ್ಯಾಗಿನಿಂದ ಸ್ಟ್ರಿಪ್ ತೆಗೆದು ತೊಡೆಯ ಮೇಲಿಟ್ಟಳು, ಒಂದೂ ಒಡೆಯದ್ದು. ಹೇಳಮ್ಮ. ಅವಳು ಹೇಳಿದಳು, ಬೆಳಗಿನಿಂದ ಜೋಡಿಸಿಟ್ಟದ್ದೇನೋ, ಬಾಯಿಗೆ ಬಂದದ್ದು ಬೇರೆ, ಭಯಪಡೋದೇನಿಲ್ಲ ಕಣೆ, ಎಷ್ಟು ಜನ ತಗೋತಾರೆ, ನಿದ್ದೆ ಬರುತ್ತೆ, ಊಟ ಸೇರುತ್ತೆ, ನಾನಿಲ್ವಾ, ಪರವಾಗಿಲ್ಲ. ಮಗಳು ಕನ್ನಡಿಯೊಳಗಿನಿಂದ ನೋಡಿದಳು. ಹಿಂದಿನಿಂದ ಓದಮ್ಮ, ಅಂದಳು. ಏನೇ ಹಾಗಂದ್ರೆ. ಚೆನ್ನಾಗಿದೀಯಾ ಅಂತ ನಾನು ಕೇಳ್ತಿಲ್ಲ, ಏನಾದರೂ ಬೇಕು ಅಂತ ನಿನಗೆ ಕೊನೇ ಸಲ ಅನ್ನಿಸಿದ್ದು ಯಾವಾಗ, ಅದು ಹೇಳು. ಅವಳು ಬಾಯಿ ತೆರೆದಳು, ಬಾಯಿ ತೆರೆದೇ ನಿಂತಿತು, ಹೊರಗೆ ಯಾರೋ ಫ್ರೇಮಿನ ಬೆಲೆಗೆ ಚೌಕಾಸಿ ಮಾಡುತ್ತಿದ್ದರು, ನೆನಪಿನಲ್ಲಿ ಹಿಂದಕ್ಕೆ ಹೋದಳು, ಗಂಡ ಹೋದದ್ದು, ಮಗಳು ಕೆಲಸಕ್ಕೆ ಸೇರಿದ್ದು, ಮಗಳು ದೊಡ್ಡವಳಾದದ್ದು, ಎಲ್ಲ ಒರೆಸಿಟ್ಟ ಗಾಜಿನಾಚೆ, ಬೇಕು ಅನ್ನುವುದು ಎಲ್ಲೂ ಕೈಗೆ ಸಿಗಲಿಲ್ಲ. ನಿನಗೆ ಹತ್ತು ವರ್ಷ ಇದ್ದಾಗ, ಅಂದಳು ಕೊನೆಗೆ, ಸ್ವಲ್ಪ ದಿನ ಬಿಟ್ಟಿದ್ದೆ. ಗೊತ್ತು, ಅನ್ನ ಚೆಲ್ಲಿದ ದಿನ, ನಾನು ಬಾಗಿಲ ಹಿಂದೆ ಇದ್ದೆ. ನಿನ್ನ ಕಣ್ಣು ನೋಡಿದೆ ಕಣೆ, ಎಷ್ಟು ಹೆದರಿದ್ದೆ ನೀನು, ಅದಕ್ಕೇ ನಾನು ಮತ್ತೆ. ಹೆದರಿದ್ದೆ, ಅಂದಳು ಮಗಳು, ಆದರೆ ಅಲ್ಲಿಂದ ನಾನು ಹೋಗಲಿಲ್ಲ ಅಲ್ವಾ, ಅವತ್ತು ನೀನು ನನ್ನನ್ನ ನೋಡಿದೆ, ಮಾರನೇ ದಿನಾನೂ ಬಂದು ಅಲ್ಲೇ ನಿಂತಿದ್ದೆ, ಇನ್ನೊಂದು ಸಲ ನೋಡ್ತೀಯೇನೋ ಅಂತ, ತುಂಬ ದಿನ ನಿಂತೆ.

ಮ ಟ ಪ ಗ ರ. ಊರಿನ ಕಣ್ಣೆಲ್ಲ ಓದಿದವಳು ಆ ಒಂದು ಕಣ್ಣನ್ನು ತಪ್ಪು ಓದಿದ್ದಳು. ಮಗಳ ಧ್ವನಿಯಲ್ಲಿ ದೂರಿರಲಿಲ್ಲ, ಸುಸ್ತಿತ್ತು. ಈಗ ಅಳು ಬರಬೇಕಾದ ಜಾಗ, ಅವಳು ಕಾದಳು, ಬರಲಿಲ್ಲ, ಬಾಯಿ ಒಣಗಿತ್ತು. ತಗೊಳ್ಳಲಾ ಬೇಡ್ವಾ ಅಮ್ಮ, ಅಷ್ಟು ಹೇಳು. ತಗೋ, ಅಂದಳು, ಯಾಕೆಂದರೆ ಗೋಡೆಯ ಬಿರುಕು ನೆನಪಾಯಿತು, ಬೆಳಗ್ಗೆ ಯಾಕೆ ಎಚ್ಚರವಾಯಿತೋ ಅನ್ನುವವಳಿಗೆ ಬೇರೆ ಏನು ಹೇಳಲಿ, ತಗೋ, ಆದರೆ ಡಾಕ್ಟರು ಕೇಳಿದರೆ ನಿಜ ಹೇಳು, ಅವರು ಬೇಜಾರು ಮಾಡಿಕೊಂಡರೂ ಹೇಳು, ನಾನು ಹೇಳಲಿಲ್ಲ. ನೀನು ಬದುಕಿದೆ, ಅಂದಳು ಮಗಳು, ಕೇಳಿದ ಹಾಗೂ ಇತ್ತು, ಹೇಳಿದ ಹಾಗೂ ಇತ್ತು. ಹೂಂ, ಬದುಕಿದೆ. ಚಟ್ ಅಂತ ಸ್ಟ್ರಿಪ್ ಒಡೆದ ಸದ್ದು. ಅವಳೇ ತನ್ನ ಬಾಟಲಿಯ ನೀರು ಕೊಟ್ಟಳು, ತನ್ನ ಕೈಯಾರೆ. ಮಗಳು ನುಂಗಿ ಮುಖ ಕಿವುಚಿದಳು, ಆಮೇಲೆ ಚಿಕ್ಕವಳಿದ್ದಾಗ ಆಡುತ್ತಿದ್ದ ಹಾಗೆ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಕನ್ನಡಿಯೊಳಗೆ ನೋಡಿದಳು, ಓದಲಿಲ್ಲ, ಸುಮ್ಮನೆ ನೋಡಿದಳು, ಅಕ್ಷರಗಳ ಕೆಳಗೆ ಒಂದೇ ಕಣ್ಣು, ಅಮ್ಮ ಹತ್ತಿರ ಹೋದಳು, ಬಗ್ಗಿದಳು, ಚುಕ್ಕೆ ಅಲ್ಲೇ ಇರಬೇಕು, ಆ ಕಂದು ಬಳೆಯಲ್ಲಿ, ಸಾಸಿವೆಯಷ್ಟು — ಸಿಕ್ಕಿದ್ದು ಇಷ್ಟು, ಅಮ್ಮ ಸಾಯಲಿಲ್ಲ, ಮಗಳು ಬೆಳೆದಳು, ಹೋದದ್ದು ಇಷ್ಟು, ಬೆಳೆದದ್ದನ್ನು ಅಮ್ಮ ನೋಡಲಿಲ್ಲ — ಚುಕ್ಕೆ ಕಾಣುತ್ತಿದೆ, ಕಾಣುತ್ತಿದೆ ಅಂತ ಗೊತ್ತಾಗುತ್ತಿದೆ, ಬಾಗಿಲ ಸಂದಿಯಲ್ಲಿ ಒಂದು ಕಣ್ಣು, ರೆಪ್ಪೆ ಬಡಿಯದೆ, ಕಾಯುತ್ತ, ಒಂದು ಕಣ್ಣು.