ಎರಡು ಟಕ್

ನಗುವೇ ಅದು. ಉಸಿರಲ್ಲ.

"ಇನ್ನೊಂದ್ಸಲ ಹಾಕಿ," ಎಂದ ಅವನು, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತ.

ಗಾಜಿನಾಚೆ ಕೂತಿದ್ದ ರೇಡಿಯೊ ಸ್ಟೇಷನ್ನಿನ ರೆಕಾರ್ಡಿಸ್ಟ್ ಆಕಳಿಸಿ ಹಾಡನ್ನು ಮತ್ತೆ ಮೊದಲಿಗೆ ತಂದ. ಟಕ್. ಸ್ವಲ್ಪ ಮೌನ. ಟಕ್. ಆಮೇಲೆ, ಗಿಟಾರ್ ಸಿಡಿಯುವುದಕ್ಕೆ ಮುಂಚೆ, ಯಾರೋ ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕ ಹಾಗೆ. ಅದರ ಮೇಲೆ ಅವನ ತಮ್ಮನ ಗಂಟಲು ಬಂದು ಬಿತ್ತು:

ಒಳಗಾದ್ರೂ ಬಾ, ಹೊರಗಾದ್ರೂ ಹೋಗು,
ಬಾಗಿಲಲ್ಲೇ ನಿಂತವನೇ!

"ಇಲ್ಲಿ ಯಾರೋ ನಕ್ಕ ಹಾಗಿಲ್ವಾ?"

"ನಕ್ಕ ಹಾಗೂ ಇದೆ ಸರ್, ಉಸಿರು ಬಿಟ್ಟ ಹಾಗೂ ಇದೆ," ಎಂದ ರೆಕಾರ್ಡಿಸ್ಟ್. "ನೀವು ಏನಂತೀರೋ ಅದೇ. ಇವತ್ತು ಪ್ರೋಗ್ರಾಂ ನಿಮ್ದೇ ಅಲ್ವಾ."

ಊರಿಗೆ ಊರೇ ಈ ಹಾಡನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿತ್ತು. ಮಾತೋ ಬೈಗುಳವೋ ತಿಳಿಯದ ಹಾಗೆ ಒಂದೇ ಸಮನೆ ಒದರುವ ರ‍್ಯಾಪ್, ಅದರ ಬೆನ್ನು ಬಿದ್ದ ರಾಕ್ ಗಿಟಾರ್. ಮುಷ್ಕರ ಹೂಡಿದ ಕೆಲಸಗಾರರು ಕಾರ್ಖಾನೆಯ ಗೇಟಿನೆದುರು ಇದನ್ನೇ ಹಾಕಿದರು; ಅವರನ್ನು ಚದುರಿಸಲು ಬಂದ ಪೊಲೀಸರ ಮೊಬೈಲಿನಲ್ಲೂ ಇದೇ ರಿಂಗ್‌ಟೋನು. ಆಡಳಿತ ಪಕ್ಷದವರು ಇದು ವಿರೋಧ ಪಕ್ಷಕ್ಕೆ ಹೇಳಿದ್ದು ಎಂದರು. ವಿರೋಧ ಪಕ್ಷದವರು ಇಲ್ಲ, ಆಡಳಿತ ಪಕ್ಷಕ್ಕೇ ಹೇಳಿದ್ದು ಎಂದರು. ಮೊದಲಿನ ಆ ಎರಡು ಟಕ್ ಏನೆಂಬುದರ ಮೇಲಂತೂ ವಾದವೋ ವಾದ. ಲೈಟರು, ಬೇಡಿ, ಬಂದೂಕಿನ ಕುದುರೆ. ಅದಕ್ಕೇ ರೇಡಿಯೊದವರು ಅವನನ್ನು ಕರೆಸಿದ್ದು. ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವನು, ಮೇಲಾಗಿ ಹಾಡಿದವನ ಒಡಹುಟ್ಟಿದ ಅಣ್ಣ.

ಆ ಟಕ್ ಏನೆಂದು ಅವನಿಗೆ ಗೊತ್ತಿತ್ತು. ಹಾಡನ್ನು ಮೊದಲು ಕೇಳಿದ್ದು ಕ್ಷೌರದಂಗಡಿಯಲ್ಲಿ, ಕತ್ತಿ ಗಂಟಲ ಮೇಲಿದ್ದಾಗ. ಎದೆ ಧಸಕ್ಕೆಂದರೂ ಮಿಸುಕುವ ಹಾಗಿರಲಿಲ್ಲ. ಅದು ಅವನ ಮನೆಯ ಬಾಗಿಲಿನ ಹಿಡಿಕೆ. ತಿರುಗಿಸುತ್ತಿದ್ದದ್ದು ಅವನದೇ ಕೈ.

ಅವನು ತನ್ನ ಮನೆಯ ಬೆಲ್ ಒತ್ತುವವನಲ್ಲ. ಹಿಡಿಕೆಯನ್ನು ಮೆಲ್ಲಗೆ ಒಮ್ಮೆ ತಿರುಗಿಸುತ್ತಾನೆ. ನಿಲ್ಲುತ್ತಾನೆ. ಒಳಗೆ ಕಿವಿ ಕೊಡುತ್ತಾನೆ. ಇನ್ನೊಮ್ಮೆ ತಿರುಗಿಸುತ್ತಾನೆ. ಆಮೇಲೆಯೇ ಜೇಬಿನಿಂದ ಕೀಲಿಕೈ. ಯಾಕೆಂದು ಯಾರೂ ಕೇಳಿಲ್ಲ. ಒಳಗಿನ ಮಾತು ತಾನು ಬಂದದ್ದಕ್ಕೆ ನಿಂತಿತೋ, ಮೊದಲೇ ನಿಂತಿತ್ತೋ ತಿಳಿದರೆ ಒಳ್ಳೆಯದು ಎಂದು ಅವನ ಎಣಿಕೆ.

ಕಳೆದ ವರ್ಷ ತಮ್ಮ ಅವನ ಮನೆಯಲ್ಲೇ ಇದ್ದ. ಈಗ ಜನ ಆ ತಮ್ಮನನ್ನು 'ಗುಡುಗು' ಎಂದು ಕೂಗುತ್ತಾರೆ. ಚಿಕ್ಕಂದಿನಲ್ಲಿ ಗುಡುಗಿದರೆ ಅಣ್ಣನ ಹೊದಿಕೆಯೊಳಗೆ ನುಸುಳುತ್ತಿದ್ದವನು. ಮುಂದಿನ ಕೋಣೆಯ ಗೋಡೆಗಳಿಗೆ ಕಂಬಳಿ ಇಳಿಬಿಟ್ಟು ಹಾಡು ರೆಕಾರ್ಡ್ ಮಾಡುತ್ತಿದ್ದ. ಆ ದಿನಗಳಲ್ಲಿ ಹಿಡಿಕೆ ತಿರುಗಿಸಿದಾಗಲೆಲ್ಲ ಒಳಗೆ ಮೌನ. ಹೆಂಡತಿಯನ್ನು ಕೇಳಿದರೆ, "ಆ ಗಲಾಟೆ ಹತ್ರ ನಾನ್ಯಾಕೆ ಸುಳೀಲಿ?" ಎಂದಿದ್ದಳು.

ಹಾಗಿದ್ದರೆ ನಕ್ಕವರು ಯಾರು?

ಕೆಂಪು ದೀಪ ಹತ್ತಿತು. ನಿರೂಪಕಿ ಮಾತಿನಲ್ಲಿ ಜೇನು ಸುರಿಸುತ್ತ ಪರಿಚಯ ಹೇಳಿದಳು. "ಸರ್, ಎಲ್ರೂ ಕಾಯ್ತಾ ಇದ್ದಾರೆ. ಏನದು ಟಕ್ ಟಕ್?"

"ಜೈಲಿನ ಚಿಲಕ," ಎಂದುಬಿಟ್ಟ. ಅವನ ನಾಲಗೆ ತರಗತಿಯಲ್ಲಿ ಓಡುವ ಹಾಗೆ ಓಡಿತು. ಒಳಗಿರುವವನನ್ನು ಹೊರಗಿನಿಂದ ಪರೀಕ್ಷಿಸುವ ಅಧಿಕಾರ, ಅನುಮಾನವೇ ಆಡಳಿತವಾಗುವ ಬಗೆ, ಆಧುನಿಕ ಮನುಷ್ಯನ ಬಂಧನ. ತನ್ನ ಮಾತಿಗೆ ತಾನೇ ತಲೆದೂಗಿದ.

"ಅದ್ಭುತ! ಈಗ ಫೋನ್‌ನಲ್ಲಿ ಗುಡುಗು ಅವರೇ ಇದ್ದಾರೆ. ಅಣ್ಣ ಹೇಳಿದ್ದು ಸರೀನಾ?"

ತಮ್ಮ ಬೇರೆ ಊರಿನಲ್ಲಿದ್ದ. ಹಿಂದೆ ಯಾರೋ ಡ್ರಮ್ ಕುಟ್ಟಿ ನೋಡುತ್ತಿದ್ದರು. "ಅಣ್ಣ ಹೇಳಿದ್ಮೇಲೆ ಮುಗೀತು," ಎಂದ.

"ಆದ್ರೂ, ಆ ಸದ್ದು ಸಿಕ್ಕಿದ್ದು ಹೇಗೆ?"

"ಅದಾ? ಹಾಡೋಕೆ ಮುಂಚೆ ಕೋಣೆ ಮೌನಾನ ಸ್ವಲ್ಪ ಹೊತ್ತು ರೆಕಾರ್ಡ್ ಮಾಡ್ಕೋತೀವಿ. ಆಮೇಲೆ ಹಾಡು ಎಲ್ಲಾದ್ರೂ ಕತ್ತರಿಸಿದ್ರೆ ಆ ಮೌನದಲ್ಲೇ ತೇಪೆ ಹಾಕೋದು. ಅಷ್ಟೊತ್ತು ಕೆಮ್ಮೋ ಹಾಗಿಲ್ಲ, ಮಿಸುಕೋ ಹಾಗಿಲ್ಲ. ಅವತ್ತು ಮಧ್ಯೆ ಈ ಸದ್ದು ಬಂದು ಕೂತ್ಕೊಳ್ತು. ತೆಗೆಯೋಕೆ ಮನಸ್ಸಾಗ್ಲಿಲ್ಲ."

"ಆಗ ಕೋಣೇಲಿ ಯಾರ‍್ಯಾರಿದ್ರು?" ಎಂದು ಕೇಳಿದವನು ಅಣ್ಣನೇ. ನಿರೂಪಕಿ ಹುಬ್ಬೇರಿಸಿದಳು.

ಡ್ರಮ್ ಕೂಡ ನಿಂತಿತು.

"ನಾನಿದ್ದೆ," ಎಂದ ತಮ್ಮ. "ಮೈಕಿತ್ತು. ಅಣ್ಣ, ಅತ್ತಿಗೆ ಹುಷಾರಾಗಿದ್ದಾರಾ? ಇಡ್ತೀನಿ, ಕರೀತಾ ಇದ್ದಾರೆ."

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಯೋಚಿಸಿದ. ಹಾಗಾದರೆ ಆ ಸಂಜೆಗಳ ಮೌನವೆಲ್ಲ ಬರೀ ತೇಪೆಗೆ ಬೇಕಾದ ಮೌನ. ಪಾಪ, ಕೆಮ್ಮದೆ ಕೂತಿದ್ದರು. ಕ್ಷಣಕಾಲ ಎದೆ ಹಗುರಾಯಿತು. ಮರುಕ್ಷಣವೇ ತಲೆಯಲ್ಲಿ ಹುಳ ಹೊಕ್ಕಿತು: ಇಷ್ಟು ಚೆಂದದ ನೆಪ ಅಷ್ಟು ಬೇಗ ತಮ್ಮನ ಬಾಯಿಗೆ ಬಂದದ್ದು ಹೇಗೆ? ಹಿಂದಿನ ಸೀಟಿನ ಹುಡುಗಿಯರು ಹಾಡು ಗುನುಗುತ್ತ ಕಿಸಕ್ಕೆಂದರು. ಅವನು ತಿರುಗಿ ನೋಡಿದ. ಅವರು ಇನ್ನಷ್ಟು ನಕ್ಕರು.

ಇಳಿದವನೇ ಹೆಂಡತಿಗೆ ಫೋನ್ ಮಾಡಿದ.

"ಕೇಳಿದ್ಯಾ?"

"ಏನನ್ನ?"

"ಪ್ರೋಗ್ರಾಂ."

"ಕುಕ್ಕರ್ ಕೂಗ್ತಿತ್ತು. ಅರ್ಧ ಕೇಳಿಸ್ಲಿಲ್ಲ."

"ಯಾವ ಅರ್ಧ?"

"ಕೇಳಿಸದೇ ಇದ್ದ ಅರ್ಧ ಯಾವ್ದು ಅಂತ ನಾನು ಹೇಗೆ ಹೇಳ್ಲಿ?"

ಬೇರೆ ದಿನವಾಗಿದ್ದರೆ ಅವನಿಗೆ ನಗು ಬರುತ್ತಿತ್ತು. "ಅವತ್ತು ನೀನು ಆ ಕೋಣೇಲಿದ್ಯಾ?" ಎಂದ.

ಅವಳು ಯಾವತ್ತು ಎಂದು ಕೇಳಲಿಲ್ಲ. ಅದೇ ಅವನನ್ನು ಇರಿಯಿತು. "ಮನೆಗೆ ಬನ್ನಿ," ಎಂದಳು. "ಮಾತಾಡೋಣ. ಎಲ್ಲಾ ಹೇಳ್ತೀನಿ."

ಇಷ್ಟು ವರ್ಷ ಅವನು ಬಾಗಿಲಿಗೆ ಕಿವಿಗೊಟ್ಟು ಕಾದಿದ್ದೇ ಈ ಮಾತಿಗೆ. ಈಗ ಬಂದಿತು, ಅವನು ಮಾತ್ರ ಬಸ್ ಸ್ಟಾಪಿನಲ್ಲೇ ನಿಂತ. ಅವಳು ಹೌದು ಎಂದರೆ ಬದುಕುವುದು ಹೇಗೆಂದು ಗೊತ್ತಿರಲಿಲ್ಲ. ಇಲ್ಲ ಎಂದರೆ ಅದಕ್ಕಿಂತಲೂ ಗೊತ್ತಿರಲಿಲ್ಲ. ಕೊನೆಗೂ ನಡೆದು ಬಂದಾಗ, ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ ಕಾವಲುಗಾರ ಎದ್ದು ನಿಂತು, "ಜೈಲಿನ ಚಿಲಕ ಅಂತೆ! ನಾನು ಬೀಗದ ಸದ್ದು ಅಂದ್ಕೊಂಡಿದ್ದೆ ಸಾರ್," ಎಂದ. ಅವನು ದೊಡ್ಡ ಮನುಷ್ಯರ ಹಾಗೆ ನಕ್ಕು ಮೇಲೇರಿದ.

ಇವತ್ತು ಬೆಲ್ ಒತ್ತಬೇಕೆಂದುಕೊಂಡ. ನೆಂಟನ ಹಾಗೆ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಯಾವಾಗ ಕೆಟ್ಟಿತ್ತೋ, ಯಾರೂ ಅವನಿಗೆ ಹೇಳಿರಲಿಲ್ಲ.

ತಟ್ಟಬಹುದಿತ್ತು. ಕರೆಯಬಹುದಿತ್ತು. ಕೈ ತನ್ನ ಪಾಡಿಗೆ ಹಿಡಿಕೆಗೆ ಹೋಯಿತು.

ಟಕ್.

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಜ್ಜೆಗಳು ಹತ್ತಿರ ಬಂದವು, ಬಾಗಿಲವರೆಗೂ ಬಂದು ನಿಂತವು. ಹಲಗೆಯ ಆಚೆ, ಅವನ ಕಿವಿಯ ಎತ್ತರಕ್ಕೇ, ಯಾರೋ ಇದ್ದರು. ಕೆಳಗಿನ ಬೀದಿಯಲ್ಲಿ ಯಾವುದೋ ಕಾರು ಅದೇ ಹಾಡನ್ನು ಒದರಿಕೊಂಡು ದಾಟಿತು.

ಟಕ್.

ಅವನು ಕೈ ಆಡಿಸಿರಲಿಲ್ಲ.

ನಗುವೋ, ಉಸಿರೋ, ಮರದ ಆಚೆಯಿಂದ ಅದು ಮತ್ತೆ ಕೇಳಿಸಿತು. ಹಿಡಿಕೆ ಅವನ ಅಂಗೈಯೊಳಗೆ ಒಳಗಿನಿಂದ ಮೆಲ್ಲಗೆ ತಿರುಗತೊಡಗಿತು. ಅವನು ಇನ್ನೊಂದು ಕೈಯನ್ನೂ ಸೇರಿಸಿ, ಅದು ತಿರುಗದ ಹಾಗೆ ಬಿಗಿಯಾಗಿ ಹಿಡಿದುಕೊಂಡ.