ಶಂಕ್ರವ್ವನ ತಂಬಿಗೆ

ನಾನು ಒಂದು ಹಿತ್ತಾಳೆ ತಂಬಿಗೆ. ಕೆಲವು ಕಡೆ ಚೊಂಬು ಎನ್ನುತ್ತಾರೆ. ಎನ್ನಲಿ, ಬಾಯಿ ಅವರದು. ಕಂಚುಗಾರನ ಸುತ್ತಿಗೆಯ ಏಟು ತಿಂದು ಹುಟ್ಟಿದವನು ನಾನು. ರಾಣೆಬೆನ್ನೂರಿನ ಶಂಕ್ರವ್ವನ ಮದುವೆಗೆ ತವರಿನವರು ನನ್ನನ್ನು ಕೊಟ್ಟರು, ಕುತ್ತಿಗೆಯ ಕೆಳಗೆ ಅವಳ ಹೆಸರನ್ನೂ ಕೊರೆಸಿದರು. ಬಂದ ಬೀಗರಿಗೆ ಮೊದಲು ನೀರು ಕೊಡುತ್ತಿದ್ದವನು ನಾನೇ. ಒಂದು ದಿನ ಕಟ್ಟೆಯಿಂದ ಬಿದ್ದು ಹೊಟ್ಟೆ ನೆಗ್ಗಿತು. ಅಷ್ಟಕ್ಕೇ ಪಡಸಾಲೆಯಿಂದ ಹಿತ್ತಲಿನ ಸಂಡಾಸಿಗೆ ವರ್ಗ ಮಾಡಿಬಿಟ್ಟರು! ಆ ಆಘಾತದಿಂದ ಚೇತರಿಸಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಶಂಕ್ರವ್ವನ ಮಗಳು ನೀಲಾಂಬಿಕಾ ಒಂದು ವರ್ಷ ದುಡಿಯುತ್ತ ದೇಶ ನೋಡುವ ವೀಸಾ ಪಡೆದು ಆಸ್ಟ್ರೇಲಿಯಾಕ್ಕೆ ಹೊರಟಳು. ಶಂಕ್ರವ್ವ ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಅವಳ ಚೀಲಕ್ಕೆ ತುರುಕಿದಳು.

"ಪ್ಲಾಸ್ಟಿಕ್ ಮಗ್ಗು ಅಲ್ಲೇ ಸಿಗತಾವ ಬಿಡವ್ವಾ," ಎಂದಳು ನೀಲಾ.

"ಮಗ್ಗು ಸಿಗಬೌದು. ನಿಮ್ಮವ್ವನ ಹೆಸರ ಇದ್ದದ್ದು ಸಿಗತೈತೇನು? ಅಲ್ಲಿ ಮಂದಿ ಬರೇ ಕಾಗದಾನ ಹಚ್ತಾರಂತ, ಶಿವನ! ನನ್ನ ಮಗಳು ಹಂಗ ಇರೂದು ಬ್ಯಾಡ."

ಹೀಗೆ ನಾನು ಟಾಸ್ಮೇನಿಯಾದ ಚೆರ್ರಿ ತೋಟವೊಂದಕ್ಕೆ ಬಂದಿಳಿದೆ. ತೋಟದ ಒಡತಿ ಹೇಜಲ್, ಅವಳ ಗಂಡ ಕಾಲಿನ್. ಬೆಳಿಗ್ಗೆಯೆಲ್ಲ ನೀಲಾ ಹಣ್ಣು ಬಿಡಿಸಬೇಕು, ಬದಲಿಗೆ ಅವರು ಅವಳಿಗೆ ಕೋಣೆ ಕೊಟ್ಟು ಊಟ ಹಾಕಬೇಕು. ಕೆಲಸವೂ ಅವರದೇ, ಸೂರೂ ಅವರದೇ. ಅವರು ಹೋಗು ಎಂದರೆ ನೀಲಾ ಬೀದಿಪಾಲು.

ಆ ಮನೆಯಲ್ಲಿ ನಾನು ಕಂಡದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಬಚ್ಚಲಿನಲ್ಲಿ ಜಮಖಾನೆ! ಒಳಗೆಲ್ಲ ಬೂಟುಗಾಲಿನ ಓಡಾಟ! ಉಂಡ ತಟ್ಟೆಗಳನ್ನು ಮೊದಲು ನಾಯಿ ನೆಕ್ಕುತ್ತಿತ್ತು. ಆಮೇಲೆ ಹೇಜಲ್ ಅವನ್ನು ಸೋಪಿನ ನೊರೆಯಲ್ಲಿ ಅದ್ದಿ, ನೀರಿಗೂ ಹಿಡಿಯದೆ, ಹಾಗೇ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು. ಇಷ್ಟಾದರೂ ಊರಿನಲ್ಲೆಲ್ಲ ಶುಚಿಗೆ ಹೆಸರಾದವಳು ಅವಳೇ! ನೀಲಾ ಮಾತ್ರ ನನ್ನ ವಿಷಯ ಗೊತ್ತಾದರೆ ಇವರು ಏನೆಂದುಕೊಂಡಾರೋ ಎಂದು ಹೆದರಿ, ನನ್ನನ್ನು ಟವೆಲಿನಲ್ಲಿ ಸುತ್ತಿ ಬಚ್ಚಲಿನ ಕಪಾಟಿನ ಹಿಂದೆ ಅಡಗಿಸಿಡುತ್ತಿದ್ದಳು.

ಒಂದು ಭಾನುವಾರ ಮಳೆಯ ಮುನ್ಸೂಚನೆ ಬಂತು. ಚೆರ್ರಿ ಒದ್ದೆಯಾದರೆ ಸಿಡಿದು ಹಾಳಾಗುತ್ತದೆ. ಗಡಿಬಿಡಿಯಲ್ಲಿ ನೀಲಾ ನನ್ನನ್ನು ನೆಲದ ಮೇಲೇ ಬಿಟ್ಟು ತೋಟಕ್ಕೆ ಓಡಿದಳು. ಬಚ್ಚಲು ತೊಳೆಯಲು ಬಂದ ಹೇಜಲ್ ನನ್ನನ್ನು ಕಂಡು, "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಎದೆಗೊತ್ತಿಕೊಂಡಳು. ಏನೋ ಮುಲಾಮು ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜಿದಳು. ಮದುವೆಯ ದಿನವೂ ನಾನು ಅಷ್ಟು ಹೊಳೆದಿರಲಿಲ್ಲ. ಬೀಗುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಬಾಯಿಗೆ ಬಿಸಿಬಿಸಿ ಕುರಿಮಾಂಸದ ಸಾರು ಸುರಿದಳು!

ನಾನು ಹೌಹಾರಿದೆ. ಲಿಂಗವಂತರ ಮನೆಯ ತಂಬಿಗೆ ನಾನು! ಸಂಡಾಸಿನಲ್ಲಿದ್ದರೂ ಮಾಂಸ ಮುಟ್ಟಿದವನಲ್ಲ. ಹಾಗೇ ನನ್ನನ್ನು ಊಟದ ಮೇಜಿನ ನಡುವೆ ಪ್ರತಿಷ್ಠಾಪಿಸಿದರು. ಕಾಲಿನ್ ನನ್ನ ಕುತ್ತಿಗೆ ಹಿಡಿದು ತಟ್ಟೆಯತ್ತ ಬಗ್ಗಿಸುವುದಕ್ಕೂ ನೀಲಾ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

"ಬ್ಯಾಡ! ಬ್ಯಾಡ್ರೀ!" ಎಂದು ಕನ್ನಡದಲ್ಲೇ ಕಿರುಚಿ ನನ್ನನ್ನು ಕಿತ್ತುಕೊಂಡಳು. ಬಿಳಿ ಮೇಜುಬಟ್ಟೆಯ ಮೇಲೆ ಸಾರು ಚೆಲ್ಲಿತು.

ಹೇಜಲಳ ಮುಖ ಬಿಳಚಿಕೊಂಡಿತು. "ಇದು ನಿಮ್ಮ ಪೂಜೆಯ ಪಾತ್ರೆಯೇ? ನಾನು ಮಾಡಬಾರದ್ದು ಮಾಡಿದೆನೇ? ಕ್ಷಮಿಸು ಮಗೂ," ಎನ್ನುವಾಗ ಅವಳ ಕಣ್ಣು ತುಂಬಿತು.

ಹೌದೆಂದು ತಲೆಯಾಡಿಸಿದ್ದರೆ ಎಲ್ಲ ಸುಸೂತ್ರ. ಹೂಂ ಅನ್ನೇ ಹುಡುಗಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಆದರೆ ಅನ್ನ ಹಾಕುವವಳೇ ತನ್ನೆದುರು ಕ್ಷಮೆ ಕೇಳುವುದನ್ನು ಅವಳು ನೋಡಲಾರದೆ ಹೋದಳು.

"ಪೂಜೆಯದಲ್ಲ. ಸಂಡಾಸಿನದು. ನಾವು ಕಾಗದ ಬಳಸುವುದಿಲ್ಲ, ನೀರು ಬಳಸುತ್ತೇವೆ."

ಕಾಲಿನ್ ತಟ್ಟೆಯನ್ನು ಮೆಲ್ಲನೆ ದೂರ ತಳ್ಳಿದ. ಹೇಜಲ್ ಎದ್ದು ಹೋದಳು. ನೀಲಾ ಕೋಣೆಗೆ ಹೋಗಿ ಬಟ್ಟೆಬರೆ ಚೀಲಕ್ಕೆ ತುಂಬತೊಡಗಿದಳು. ಸ್ವಲ್ಪ ಹೊತ್ತಿಗೆ ಹೇಜಲ್ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಜಗ್ಗು.

"ಇಷ್ಟು ದಿನ ಒಂದೇ ಮೇಜಿನಲ್ಲಿ ಉಂಡಿದ್ದೇವೆ. ಒಂದು ಜಗ್ಗು ಬೇಕು ಎಂದು ಕೇಳಲು ನಿನಗೆ ಆಗಲಿಲ್ಲವೇ?"

ನೀಲಾ ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ನನಗೂ ಜೀವ ಬಂದಂತಾಯಿತು. ಆಮೇಲೆ ಇಬ್ಬರೂ ಕೂತು ಶಂಕ್ರವ್ವನಿಗೆ ಫೋನು ಹಚ್ಚಿದರು. ನೀಲಾ ನಗುತ್ತ ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆ ನಗು ಕೇಳಲಿಲ್ಲ.

"ಮಾಂಸದ ಸಾರ ಹಾಕಿದ್ರಾ? ಯವ್ವಾ ಯವ್ವಾ! ಇನ್ನ ಅದು ಸಂಡಾಸಕ್ಕೂ ಬ್ಯಾಡ. ಅಲ್ಲೇ ಒಗದು ಬಾ!"

ನೀಲಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹೇಜಲಳ ಬಾಯಿ ತೆರೆದಂತೆಯೇ ಉಳಿಯಿತು. "ನನ್ನ ಸಾರು ಸಂಡಾಸಿಗಿಂತ ಕೀಳೇ?"

ವರ್ಷ ತುಂಬಿ ನೀಲಾ ಹೊರಟಳು. ಹೇಜಲಳನ್ನು ಬಿಟ್ಟು ಹೋಗುವಾಗ ಬಿಕ್ಕಿಬಿಕ್ಕಿ ಅತ್ತಳು, ನನ್ನನ್ನು ಇಲ್ಲೇ ಬಿಟ್ಟು ಹೋದಳು. ಈಗ ನಾನು ಕಿಟಕಿಯ ಮೂಲೆಯಲ್ಲಿದ್ದೇನೆ. ಸಂಡಾಸಿನದೆಂದು ಈ ಮನೆಯ ಮೇಜಿಗೆ ಬೇಡ, ಮಾಂಸದ್ದೆಂದು ಆ ಮನೆಯ ಸಂಡಾಸಿಗೂ ಬೇಡ. ಸುರಿದವರು ಅವರು, ತುಂಬಿಕೊಂಡದ್ದಷ್ಟೇ ನಾನು. ಈಗ ಒಳಗೆ ಒಂದು ಹನಿ ನೀರೂ ಇಲ್ಲ. ಹೇಜಲ್ ಆಗಾಗ ಬಂದು ಶಂಕ್ರವ್ವನ ಹೆಸರು ಹೊಳೆಯುವಂತೆ ಪ್ರೀತಿಯಿಂದ ಉಜ್ಜುತ್ತಾಳೆ, ಕೈಗವಸು ಹಾಕಿಕೊಂಡು.